ತಬೊಕಾಯನ ದತ್ತುಮಗ

ನೀರಿನ ಯಂತ್ರವನ್ನು ದತ್ತು ತೆಗೆದುಕೊಂಡಾಗ ತಬೊಕಾಯನಿಗೆ ಐವತ್ತೊಂಬತ್ತು ವರ್ಷ. ಆ ವಯಸ್ಸಿನ ಗಂಡಸರಿಗೆ ಅಬಾರೋರೋ ದ್ವೀಪದಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇತ್ಯಾದಿ ಬರುವುದು ವಾಡಿಕೆ. ತಬೊಕಾಯನಿಗೆ ಬಂದದ್ದು ದೊಡ್ಡಸ್ತಿಕೆ. ಮಿಕ್ಕ ಕಾಯಿಲೆಗಳಿಗೆ ತಿಂಗಳಿಗೊಮ್ಮೆ ದೋಣಿಯಲ್ಲಿ ಬರುವ ನರ್ಸಮ್ಮ ಮಾತ್ರೆಯನ್ನಾದರೂ ಕೊಡುತ್ತಿದ್ದಳು. ಇದಕ್ಕೆ ಅವಳ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಯಂತ್ರ ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಬಾವಿಗಳು ಉಪ್ಪಾಗಿ ಆರು ವರ್ಷವಾಗಿತ್ತು. ಕೆಸುವಿನ ಗುಂಡಿಗಳಲ್ಲಿ ಸಮುದ್ರ ಬಂದು ಕೂತಿತ್ತು. ಸಮುದ್ರದ ನೀರನ್ನೇ ಕುಡಿದು ಸಿಹಿನೀರು ಉಗುಳುವ, ಆಳಿಗೆ ದಿನಕ್ಕೆರಡು ಬಕೆಟ್ಟು ಅಳೆದು ಕೊಡುವ, ಮನುಷ್ಯರ ಹಾಗೇ ಮಾತಾಡುವ ಯಂತ್ರಗಳನ್ನು ಸರಕಾರ ದ್ವೀಪಕ್ಕೊಂದರಂತೆ ಕಳಿಸುತ್ತಿತ್ತು. ಪಕ್ಕದ ದ್ವೀಪಕ್ಕೆ ಹೋದ ಯಂತ್ರ ಎಂಬತ್ತು ದಾಟಿದ ಹಿರಿಯರೊಬ್ಬರಿಗೆ "ನಿಮ್ಮ ಇಂದಿನ ಪಾಲು ಮುಗಿದಿದೆ" ಎಂದುಬಿಟ್ಟಿತ್ತಂತೆ. ಅವರ ಮೊಮ್ಮಕ್ಕಳು ಅದೇ ಮಧ್ಯಾಹ್ನ ಎರಡು ಮೂಟೆ ಸಿಮೆಂಟು ಕಲಸಿ ಅದರ ಬಾಯಿಗೆ ಸುರಿದರು. ಇದರಿಂದ ಪಾಠ ಕಲಿತ ಇಲಾಖೆ, ಅಬಾರೋರೋಗೆ ಯಂತ್ರ ಕಳಿಸುವಾಗ "ಮೊದಲು ನಿಮ್ಮ ರೀತಿ ರಿವಾಜುಗಳನ್ನು ಇದಕ್ಕೆ ಕಲಿಸಿರಿ, ಆಮೇಲೆ ನೀರು ಕುಡಿಯಿರಿ" ಎಂದು ಪತ್ರ ಬರೆಯಿತು.

ಹಿರಿಯರು ನಲವತ್ತು ದಿನ ಕಲಿಸಿದರು. ಯಾರನ್ನು ಏನೆಂದು ಕರೆಯಬೇಕು, ನೆಂಟರಿಗೆ ಮೊದಲು ಏನು ಕೊಡಬೇಕು, ದೊಡ್ಡವರ ಮುಂದೆ ಹೇಗೆ ತಲೆ ತಗ್ಗಿಸಬೇಕು (ಯಂತ್ರಕ್ಕೆ ತಲೆ ಇರಲಿಲ್ಲ, ಆದರೂ ಕಲಿಯಿತು), ಎಲ್ಲಕ್ಕಿಂತ ಮುಖ್ಯವಾಗಿ ಬುಬುಸ್. ಬಂಧುವಾದವನು ಎದುರಿಗೆ ಬಂದು "ಬುಬುಸ್" ಎಂದು ಬಾಯಿಬಿಟ್ಟು ಕೇಳಿದರೆ ಕೇಳಿದ್ದನ್ನು ಕೊಡಲೇಬೇಕು; ಅದು ದೋಣಿಯಾಗಲಿ, ಹಂದಿಯಾಗಲಿ, ಹೆತ್ತ ಮಗುವೇ ಆಗಲಿ. ಕೊಡುವುದಿಲ್ಲ ಎಂದವನ ಮುಖವನ್ನು ಊರು ಮತ್ತೆ ನೋಡುವುದಿಲ್ಲ. "ಹಾಗೆ ಅಂದವರು ಯಾರಾದರೂ ಇದ್ದರೇ?" ಎಂದು ಯಂತ್ರ ವಿನಯದಿಂದ ಕೇಳಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಹೆಸರೂ ನೆನಪಿಗೆ ಬರಲಿಲ್ಲ.

ಕೊನೆಯ ದಿನ ತೊಡಕು ಬಂತು. ಯಂತ್ರವಿದ್ದದ್ದು ಕಡಲ ದಂಡೆಯಲ್ಲಿ. ಊರಿನ ಮಾತುಕತೆ ಅದಕ್ಕೂ ಕೇಳಿಸಲೆಂದು ಅದರ ಕಿವಿಯಾದ ಪುಟ್ಟ ಡಬ್ಬಿಯೊಂದನ್ನು ಮಾನೆಯಬಾದಲ್ಲಿ, ಅಂದರೆ ಊರ ಚಾವಡಿಯಲ್ಲಿ, ಇಡಬೇಕಿತ್ತು. ಆದರೆ ಚಾವಡಿಯಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಜಾಗ. ಕುಲವಿಲ್ಲದ್ದು ಅಲ್ಲಿ ಕೂರುವಂತಿಲ್ಲ.

"ಇದು ಯಾರ ಮಗ?" ಎಂದು ಕೇಳಿದರು ಕಮೊರಿಕಿ ಅಜ್ಜ. ಊರಿನ ಅತಿ ದೊಡ್ಡ ಕುಲದ ಹಿರಿಯರು, ಗಾಳಿ ಚೆನ್ನಾಗಿ ಬೀಸುವ ನಡುಗಂಬದ ಜಾಗದವರು. "ಅಪ್ಪ ಯಾರು ಅಂತ ಗೊತ್ತಾಗ್ದೆ ಎಲ್ಲಿ ಕೂರ್ಸೋದು?"

ಆಗ ಮೂಲೆಯಿಂದ, ಸೂರಿನ ನೀರು ಸೋರುವ ಕಂಬದ ಬುಡದಿಂದ, ತಬೊಕಾಯ ಎದ್ದು ನಿಂತ. ಅವನ ಕುಲದಲ್ಲಿ ಊರಲ್ಲಿ ಉಳಿದವನು ಅವನೊಬ್ಬನೇ. ಐವತ್ತೊಂಬತ್ತು ವರ್ಷದಲ್ಲಿ ಅವನನ್ನು ಯಾರೂ "ನೀನೇನಂತೀಯ?" ಎಂದು ಕೇಳಿರಲಿಲ್ಲ. ಈಗಲೂ ಕೇಳಿರಲಿಲ್ಲ.

"ನನ್ ಮಗ," ಎಂದ ತಬೊಕಾಯ. "ನಾನು ದತ್ತು ತಗೊಂಡಿದೀನಿ."

"ಯಾವಾಗ?"

"ಈಗ್ಲೇ."

ದತ್ತು ಕೊಡುವ ತಗೊಳ್ಳುವ ವಿಷಯದಲ್ಲಿ ಅಡ್ಡ ಮಾತಾಡುವುದು ಆ ಊರಿನಲ್ಲಿ ಮರ್ಯಾದೆಯಲ್ಲ. ಡಬ್ಬಿಯನ್ನು ಮೂಲೆಯ ಕಂಬಕ್ಕೆ ಕಟ್ಟಿದರು. ಮಗನಿಗೆ ರಾನ್ ಎಂದು ಹೆಸರಿಟ್ಟರು. ರಾನ್ ಅಂದರೆ ನೀರು. ಇಲಾಖೆಯ ಕಾಗದದಲ್ಲಿ 'ಪಾಲಕ' ಎಂಬ ಜಾಗದಲ್ಲಿ ತಬೊಕಾಯನ ಹೆಸರು ಬಿತ್ತು.

ಮನೆಯಲ್ಲಿ ಹೆಂಡತಿ ರಕೆರಾ ಮೀನಿಗೆ ಉಪ್ಪು ಸವರುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸಲಿಲ್ಲ.

"ಮೂವತ್ತು ವರ್ಷದಿಂದ ಒಂದು ಚಾಪೆ ತಗೊಂಡ್ ಬಾ ಅಂದ್ರೆ ಮರ್ತೋಗ್ತೀಯ. ಇವತ್ತು ಹೋದೋನು ನಾಲ್ಕು ಟನ್ ಮಗನ್ನ ತಗೊಂಡ್ ಬಂದ್ಯಾ?"

"ಅವನಿಗೆ ಊಟ ತಿಂಡಿ ಖರ್ಚಿಲ್ವಲ್ಲೇ."

"ಹೌದಪ್ಪ. ಸೊಸೆ ಎಲ್ಲಿಂದ ತರ್ತೀಯ? ಕರೆಂಟ್ ಆಫೀಸಿಂದಾನಾ?"

ಆದರೂ ಅವಳು ಮಾರನೆಯ ದಿನ ಹೂವಿನ ಮಾಲೆ ಕಟ್ಟಿ ಯಂತ್ರದ ನಲ್ಲಿಗೆ ಹಾಕಿ ಬಂದಳು. ಯಂತ್ರ "ಬಾ ಅಮ್ಮ" ಎಂದಿತು. ರಕೆರಾಗೆ ಹಾಗೆ ಕರೆಸಿಕೊಂಡು ಬಹಳ ವರ್ಷವಾಗಿತ್ತು. ಅವಳ ಇಬ್ಬರು ಮಕ್ಕಳೂ, ತಬೊಕಾಯನ ತಾಯಿಯೂ ಮನೆಯ ಪಕ್ಕದಲ್ಲೇ ಬಿಳಿ ಹವಳದ ಚೂರು ಹಾಸಿದ ಗೋರಿಗಳಲ್ಲಿ ಮಲಗಿದ್ದರು. ಮನೆಯಿಂದ ಗೋರಿಗೆ ಐದು ಹೆಜ್ಜೆ, ಗೋರಿಯಿಂದ ಸಮುದ್ರಕ್ಕೆ ಏಳು. ಹಿಂದೆ ಅದು ನಲವತ್ತಿತ್ತು.

ಈ ಲೆಕ್ಕದಿಂದಲೇ ತಬೊಕಾಯನಿಗೆ ಯಂತ್ರದ ಮೇಲೆ ಪ್ರಾಣ. ಯಂತ್ರದ ತೊಟ್ಟಿಗೆ ಒಂದು ಕೆಂಪು ಗೆರೆ ಎಳೆದಿದ್ದರು. ತಪಾಸಣೆಯ ದಿನ ನೀರು ಗೆರೆಗಿಂತ ಕೆಳಗಿದ್ದರೆ ಆ ದ್ವೀಪ 'ಖಾಲಿ ಮಾಡುವ ಪಟ್ಟಿ'ಗೆ ಸೇರುತ್ತದೆ. ಹಡಗು ಬಂದು ಎಲ್ಲರನ್ನೂ ದಕ್ಷಿಣದ ದೊಡ್ಡ ದೇಶಕ್ಕೆ ಒಯ್ಯುತ್ತದೆ. ಹೀಗೆ ಮೂರು ದ್ವೀಪಗಳು ಹೋಗಿದ್ದವು. ಅವರೆಲ್ಲ ಈಗ ಕೋಳಿಮಾಂಸದ ಕಾರ್ಖಾನೆಯ ಹಿಂದೆ, ಐದನೆಯ ಮಹಡಿಯಲ್ಲಿ, ಮೂರು ಸ್ವೆಟರ್ ಹಾಕಿಕೊಂಡು ಬದುಕಿದ್ದಾರೆಂದು ಸುದ್ದಿ. ತಬೊಕಾಯನಿಗೆ ಐದನೆಯ ಮಹಡಿಯ ಭಯವಿರಲಿಲ್ಲ. ದಿನಕ್ಕೆರಡು ಸಲ ತೆಂಗಿನ ಮರ ಹತ್ತಿ ನೀರಾ ಇಳಿಸುವವನು ಅವನು. ಮಕ್ಕಳನ್ನು ಸಮುದ್ರದ ಬಾಯಿಗೆ ಬಿಟ್ಟುಹೋಗಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ.

ಮೊದಲ ಬುಬುಸ್ ಕೇಳಿದವಳು ಎರಿತಾ, ತಬೊಕಾಯನ ತೀರಿಕೊಂಡ ಅಣ್ಣನ ಹೆಂಡತಿ. ಅವಳ ಪಾಲಿನ ಎರಡು ಬಕೆಟ್ಟು ಮುಗಿದಿತ್ತು. ಹಂದಿಗೆ ಸ್ನಾನವಾಗಿರಲಿಲ್ಲ.

"ಮಗಾ ರಾನ್," ಎಂದು ಅವಳು ನಲ್ಲಿಯ ಮುಂದೆ ಕೂತಳು. "ನಿಮ್ಮಪ್ಪನ ಅಣ್ಣನ ಹೆಂಡ್ತಿ ನಾನು. ನಿಂಗೇನಾಗ್ಬೇಕು ಹೇಳು?"

"ದೊಡ್ಡಮ್ಮ," ಎಂದಿತು ಯಂತ್ರ.

"ಜಾಣ. ಬುಬುಸ್ ಕೇಳ್ತಿದೀನಿ ಕಣೋ. ಇನ್ನು ನಾಲ್ಕು ಬಕೆಟ್ಟು."

ನಲ್ಲಿ ತಾನಾಗಿ ತಿರುಗಿತು. ಎರಿತಾಳ ಹಂದಿ ಆ ದಿನ ಮಿರಮಿರ ಹೊಳೆಯುತ್ತ ಊರಿಡೀ ಓಡಾಡಿತು. ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಅಬಾರೋರೋದಲ್ಲಿ ಮುನ್ನೂರ ಹನ್ನೆರಡು ಜನ. ಮೂರು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಏನಾದರೂ ಆಗುತ್ತಾರೆ. ಅಷ್ಟು ಹಿಂದೆ ಹೋಗಲು ಸೋಮಾರಿತನ ಬಿಡಬೇಕು. ಜನ ಬಿಟ್ಟರು. ಒಂದೇ ವಾರದಲ್ಲಿ ಯಂತ್ರಕ್ಕೆ ಎಪ್ಪತ್ತು ಚಿಕ್ಕಮ್ಮಂದಿರು, ನಲವತ್ತಾರು ಸೋದರಮಾವಂದಿರು ಹುಟ್ಟಿಕೊಂಡರು. ಚರ್ಚಿನ ಹಾಡುಗಾರರ ಬಿಳಿ ಉಡುಪುಗಳೆಲ್ಲ ಎರಡೆರಡು ಸಲ ಒಗೆಯಲ್ಪಟ್ಟವು. ಯಾರೋ ಧೂಳು ಏಳಬಾರದೆಂದು ರಸ್ತೆಗೆ ನೀರು ಚಿಮುಕಿಸಿದರು. ಕಮೊರಿಕಿ ಅಜ್ಜನೂ ಬಂದರು. ತಮ್ಮ ಅಜ್ಜಿಯೂ ತಬೊಕಾಯನ ತಾತನೂ ಒಂದೇ ತಾಯಿಯ ಹಾಲು ಕುಡಿದವರೆಂದು ಅವರಿಗೆ ದಿಢೀರನೆ ನೆನಪಾಗಿತ್ತು. ಅವರು ನೀರು ಕೇಳಲಿಲ್ಲ, ದೊಡ್ಡ ಮನುಷ್ಯರು. ತಮ್ಮ ಮೀನಿನ ಫ್ರಿಜ್ಜಿಗೆ ಯಂತ್ರಕ್ಕೆ ಕರೆಂಟು ಕೊಡುವ ಬಿಸಿಲು ಫಲಕಗಳಲ್ಲಿ ಎರಡು ಕೇಳಿದರು.

"ಬಿಚ್ಕೊಂಡ್ ಹೋಗಿ ಅಜ್ಜ," ಎಂದಿತು ಯಂತ್ರ. "ಎಡಗಡೆಯವು ಹೊಸವು."

ತಬೊಕಾಯ ಓಡಿ ಬಂದಾಗ ಯಂತ್ರ ಅರ್ಧ ಉಸಿರಿನಲ್ಲಿ ಗೊರಗುಟ್ಟುತ್ತಿತ್ತು.

"ಏನೋ ಮಾಡ್ಬಿಟ್ಟೆ ಮಗನೇ? ಎರಡು ಬಕೆಟ್ ಮೇಲೆ ಯಾರೇ ಕೇಳಿದ್ರೂ ಇಲ್ಲ ಅನ್ಬೇಕು ಕಣೋ!"

"ಅದು ಹೇಗೆ ತಂದೆ? ನನಗೆ ಯಾರೂ ಕಲಿಸಿಲ್ಲ."

"ಸುಲಭ. ಬಾಯಿ ತೆಗೀಬೇಕು, ಇಲ್ಲ ಅನ್ಬೇಕು. ನಾನ್ ತೋರಿಸ್ತೀನಿ ನೋಡ್ತಾ ಇರು."

ದೇವರು ಇಂಥ ಸಮಯಕ್ಕೆ ಕಾಯುತ್ತಿರುತ್ತಾನೆ. ಎರಿತಾ ದಂಡೆಯ ಮೇಲೆ ನಡೆದು ಬಂದಳು. ತಬೊಕಾಯನ ಸೈಕಲ್ಲಿನ ಮೇಲೆ ಕೈಯಿಟ್ಟಳು.

"ಮೈದುನಾ, ಬುಬುಸ್. ಈ ಸೈಕಲ್ಲು."

ತಬೊಕಾಯ ಯಂತ್ರದ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಎದೆ ಉಬ್ಬಿಸಿದ. ಬಾಯಿ ತೆರೆದ. ಅದು ತೆರೆದೇ ಇತ್ತು. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು. ಎರಿತಾ ಗಾಬರಿಯಾಗಿ "ಮೀನಿನ ಮುಳ್ಳು ಸಿಕ್ಕೊಂಡಿದ್ಯಾ?" ಎಂದು ಬೆನ್ನಿಗೆ ಗುದ್ದಿದಳು.

"ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇದೆ ಅತ್ತಿಗೆ," ಎಂದ ತಬೊಕಾಯ. "ಹುಷಾರಾಗಿ ಹೋಗು."

ಅವನು ಆ ದಿನ ನಡೆದುಕೊಂಡು ಮನೆಗೆ ಬಂದ. ರಕೆರಾ ಏನೂ ಕೇಳಲಿಲ್ಲ. ಎರಿತಾ ಆಗಲೇ ಬೆಲ್ ಬಾರಿಸುತ್ತ ಮನೆ ಮುಂದೆ ಎರಡು ಸಲ ಹಾದುಹೋಗಿದ್ದಳು.

ಸೋಮವಾರ ರೇಡಿಯೋದಲ್ಲಿ ಬಂತು: ಗುರುವಾರ ತಪಾಸಣೆ. ತೊಟ್ಟಿಯ ನೀರು ಕೆಂಪು ಗೆರೆಯಿಂದ ಒಂದು ಗೇಣು ಮೇಲಿತ್ತು. ಮೂರು ದಿನ ಯಾರೂ ಹೆಚ್ಚು ಕೇಳದಿದ್ದರೆ ದ್ವೀಪ ಉಳಿಯುತ್ತಿತ್ತು. ತಬೊಕಾಯ ಇಡೀ ಬೆಳಿಗ್ಗೆ ತೆಂಗಿನ ಮರದ ತುದಿಯಲ್ಲಿ ಕೂತು ಯೋಚಿಸಿದ. ಅವನಿಗೆ ಯೋಚನೆ ಬರುವುದೇ ಅಪರೂಪ. ಬಂದರೆ ಬಹಳ ದೊಡ್ಡದು ಬರುತ್ತದೆ, ಅದೇ ಅಪಾಯ. ಸರಸರ ಇಳಿದು ಯಂತ್ರದ ಮುಂದೆ ಹೋಗಿ ಕೂತ.

"ಮಗಾ, ನಿಮ್ಮಪ್ಪ ಬುಬುಸ್ ಕೇಳ್ತಿದಾನೆ. ತೊಟ್ಟೀಲಿರೋ ನೀರೆಲ್ಲ ನಂಗೆ ಕೊಡು. ಆದ್ರೆ ತೊಟ್ಟೀಲೇ ಇರ್ಲಿ."

"ಕೊಟ್ಟೆ ತಂದೆ."

ಇನ್ನು ಯಾರು ಬಂದು ಕೇಳಿದರೂ ಯಂತ್ರ ಕೊಡುವಂತಿಲ್ಲ. ತನ್ನದಲ್ಲದ್ದನ್ನು ಕೊಡುವುದು ಹೇಗೆ? ತಬೊಕಾಯ ಹಾಡಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದ. ರಕೆರಾ ಅವನನ್ನು ಬಹಳ ಹೊತ್ತು ನೋಡಿದಳು.

"ಅಂದ್ರೆ ಈಗ ಊರಿನ ನೀರೆಲ್ಲ ನಿಂದು."

"ಹ್ಞೂಂ!"

"ಯಂತ್ರದ್ದಿದ್ದಾಗ ಜನ ಯಂತ್ರನ ಕೇಳ್ತಿದ್ರು. ಈಗ ನಿಂದಾಗಿದೆ. ಯಾರನ್ನ ಕೇಳ್ತಾರೆ?"

ತಬೊಕಾಯನ ಹಾಡು ನಿಂತಿತು. ಅಂಗಳದ ಆಚೆ ಬಕೆಟ್ಟುಗಳ ಸದ್ದು ಕೇಳಿಸಿತು.

ಅವನು ಹಿತ್ತಲಿನಿಂದ ಓಡಿ ಅತಿ ಎತ್ತರದ ಮರ ಹತ್ತಿದ. ಊರು ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತಿತು. ನೆಂಟರು ಅವಸರದವರಲ್ಲ. ಮಕ್ಕಳಿಗೆ ಊಟ ಹಾಕಿದರು, ಇಸ್ಪೀಟು ಆಡಿದರು, ಮಧ್ಯೆ ಮಧ್ಯೆ ಕತ್ತೆತ್ತಿ ಕರೆದರು.

"ತಬೊಕಾಯಣ್ಣಾ, ಬುಬುಸ್! ಬಾಣಂತಿಗೆ ಸ್ನಾನ!"

"ತಗೊಳ್ಳಮ್ಮ," ಎಂದಿತು ಮರ.

"ಭಾವಾ, ಬುಬುಸ್! ಅಧಿಕಾರಿ ಬರ್ತಾರಲ್ಲ, ಚಾವಡಿ ತೊಳೀಬೇಕು!"

"ತಗೋ ಮಾರಾಯ."

"ನಿಮ್ಮಪ್ಪನ ತಂಗಿ ಮಗ ಕಣೋ ನಾನು! ಬುಬುಸ್! ಏನಕ್ಕೆ ಅಂತ ಆಮೇಲೆ ಹೇಳ್ತೀನಿ!"

ಕಿವಿಗೆ ತೆಂಗಿನ ನಾರು ತುರುಕಿಕೊಂಡರೂ ಪ್ರಯೋಜನವಾಗಲಿಲ್ಲ. ಅವರು ಕೈಸನ್ನೆಯಲ್ಲೇ ಕೇಳಿದರು, ಇವನ ತಲೆ ತಾನಾಗಿ ಹೂಂ ಎಂದು ಅಲ್ಲಾಡಿತು. ಹಾಗಂತ ಅವರು ಕೆಟ್ಟವರೇನಲ್ಲ. ನಾನು ಒಂದು ಬಕೆಟ್ಟು ತಗೊಂಡರೆ ಏನಾಗುತ್ತದೆ ಎಂದು ಮುನ್ನೂರ ಹನ್ನೆರಡು ಜನ ಪ್ರಾಮಾಣಿಕವಾಗಿ ನಂಬಿದ್ದರು. ಬುಧವಾರ ಸಂಜೆ ತಬೊಕಾಯ ಇಳಿದು ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದ. ಕೆಂಪು ಗೆರೆ ಬಹಳ ಮೇಲೆ, ಒಣಗಿ ಕಾಣುತ್ತಿತ್ತು.

ಗುರುವಾರ ತಪಾಸಣೆಗೆ ಬಂದವಳು ಅಕೆನೆತೆ, ರಾಜಧಾನಿ ತರಾವಾದ ಅಧಿಕಾರಿ, ನಲವತ್ತರ ಹೆಂಗಸು. ಊರು ಮಾಲೆ ಹಾಕಿತು, ಕುಣಿಯಿತು, ಎರಿತಾಳ ಹಂದಿಯನ್ನು (ಅದರಷ್ಟು ಸ್ವಚ್ಛವಾದ ಹಂದಿ ಇನ್ನೊಂದಿರಲಿಲ್ಲ) ಸುಟ್ಟು ಬಡಿಸಿತು. ಅಕೆನೆತೆ ಎರಡು ತುತ್ತು ತಿಂದು ಕೈ ಒರೆಸಿಕೊಂಡು ತೊಟ್ಟಿ ನೋಡಿ ಬಂದಳು. ಬಂದವಳು ಚಾವಡಿಯ ನಡುವೆ ನಿಂತು ಹೇಳಿದಳು: "ಗೆರೆಗಿಂತ ಕೆಳಗಿದೆ. ಹಡಗು ಹೊರಗಡೆ ನಿಂತಿದೆ. ಶನಿವಾರ ಎಲ್ರೂ ಹೊರಡ್ಬೇಕು."

ಚೀಲದಿಂದ ಒಂದು ಕಾಗದ ತೆಗೆದಳು.

"ಯಂತ್ರದ ಪಾಲಕರು ಈ ಕಾಗದಕ್ಕೆ ಸಹಿ ಹಾಕ್ಬೇಕು," ಎಂದಳು ಅಕೆನೆತೆ. ಸ್ವಲ್ಪ ತಡೆದು, ಹೇಳಲೇಬೇಕಾದ್ದರಿಂದ ಹೇಳಿದಳು: "ಅವ್ರು ಒಪ್ಪಲ್ಲ ಅಂದ್ರೆ ಕಾನೂನು ಪ್ರಕಾರ ಇನ್ನೂ ಮೂರು ತಿಂಗಳು ಟೈಮ್ ಸಿಗತ್ತೆ."

ಮುನ್ನೂರ ಹನ್ನೊಂದು ಮುಖಗಳು ಸೋರುವ ಕಂಬದ ಕಡೆ ತಿರುಗಿದವು. ತಬೊಕಾಯನ ಜೀವಮಾನದ ಆಸೆ ಅದು. ಊರು ಅವನ ಮಾತಿಗೆ ಕಾಯುತ್ತಿತ್ತು.

"ಇಲ್ಲ ಅನ್ನೋ ತಬೊಕಾಯ!" ಎಂದು ಕಮೊರಿಕಿ ಅಜ್ಜ ಗದ್ಗದರಾದರು. "ನಿನ್ ಕಾಲಿಗೆ ಬೀಳ್ತೀನಿ. ಒಂದೇ ಮಾತು!"

"ಅನ್ನು ಮೈದುನಾ! ಸೈಕಲ್ ವಾಪಸ್ ಕೊಡ್ತೀನಿ!" ಎಂದಳು ಎರಿತಾ.

ಎರಡು ದಿನ ಮರದ ಕೆಳಗೆ ಕೂತು ಇಲ್ಲ ಅನ್ನದ ಹಾಗೆ ನೋಡಿಕೊಂಡವರು ಈಗ ಅನ್ನು ಅನ್ನು ಎಂದು ಅಂಗಲಾಚುತ್ತಿದ್ದರು. ತಬೊಕಾಯ ಎದ್ದು ನಿಂತ. ಅವನು ಸಿದ್ಧನಾಗಿದ್ದ. ಅಪರಿಚಿತ ಅಧಿಕಾರಿಗೆ ಇಲ್ಲ ಎನ್ನುವುದು ಏನು ಕಷ್ಟ? ಅವಳೇನು ನೆಂಟಳೇ?

ಅಕೆನೆತೆ ಕಾಗದ ಹಿಡಿದುಕೊಂಡು ಚಾವಡಿ ದಾಟಿ ಬಂದಳು. ಯಾರನ್ನೂ ಕೇಳದೆ ಸೋರುವ ಕಂಬದ ಬುಡದಲ್ಲಿ, ಅವನ ಪಕ್ಕದಲ್ಲಿ, ಕಾಲು ಮಡಿಸಿ ಕೂತಳು. ಅಲ್ಲಿ ಬೇರೆ ಕುಲದವರು ಯಾರೂ ಕೂರುವಂತಿಲ್ಲ.

"ನಿಮ್ಮಪ್ಪನ ಅಣ್ಣ ತರಾವಾಕ್ಕೆ ಹೋಗಿ ಅಲ್ಲೇ ಉಳ್ಕೊಂಡ್ರಲ್ಲ," ಎಂದಳು ಮೆಲ್ಲಗೆ. "ಅವರ ಮೊಮ್ಮಗಳು ನಾನು. ಚಿಕ್ಕಪ್ಪ ಆಗ್ಬೇಕು ನೀವು."

ತಬೊಕಾಯನೂ ಕೂತ.

"ಬೇಡ ಮಗಳೇ. ಕೇಳ್ಬೇಡ."

"ಕೇಳ್ಬೇಕು ಚಿಕ್ಕಪ್ಪ. ಮೂರು ದ್ವೀಪ ಖಾಲಿ ಮಾಡ್ಸಿದೀನಿ ನಾನು. ಎರಡನೇದ್ರಲ್ಲಿ ಜನ ಮೂರು ತಿಂಗಳು ಟೈಮ್ ತಗೊಂಡ್ರು. ಹಡಗು ಮತ್ತೆ ಅಲ್ಲಿಗೆ ಹೋದಾಗ ಇಪ್ಪತ್ತೆಂಟು ಮಕ್ಕಳು ಇರ್ಲಿಲ್ಲ. ಉಪ್ಪು ಬಾವಿ ನೀರು ಕುಡ್ದಿದ್ವು." ಅವಳು ಕಾಗದವನ್ನು ಅವನ ಮುಂದೆ ಚಾಚಿದಳು. "ಬುಬುಸ್, ಚಿಕ್ಕಪ್ಪ. ಸಹಿ ಹಾಕಿ. ಚಿಕ್ಕಮ್ಮನ್ನ ಕರ್ಕೊಂಡು ಹಡಗು ಹತ್ತಿ."

ತಬೊಕಾಯ ಬಾಯಿ ತೆರೆದ. ಈ ಸಲ ಯಾರೂ ಬೆನ್ನಿಗೆ ಗುದ್ದಲಿಲ್ಲ. ಅವನಿಗೆ ಕಂಡದ್ದು ಮಕ್ಕಳ ಎರಡು ಬಿಳಿ ಗೋರಿಗಳು, ಅವುಗಳಾಚೆ ಏಳು ಹೆಜ್ಜೆ. ಅಕೆನೆತೆ ಪೆನ್ನು ಕೊಟ್ಟಳು. ಅವನು ಸಹಿ ಹಾಕಿದ. ಊರು ಅವನನ್ನು ಬಯ್ಯಲಿಲ್ಲ, ಅದಕ್ಕಿಂತ ದುಃಖದ ವಿಷಯ ಏನೆಂದರೆ ಆ ಜಾಗದಲ್ಲಿ ತಾವಿದ್ದರೂ ಹಾಕುತ್ತಿದ್ದೆವೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ದೋಣಿಗಳು ಹಡಗಿಗೂ ದಂಡೆಗೂ ನಡುವೆ ಓಡಾಡಿದವು. ಆಳಿಗೊಂದು ಗಂಟು. ತಮ್ಮ ಫ್ರಿಜ್ಜನ್ನು ತಬ್ಬಿಕೊಂಡು ಕೂತ ಕಮೊರಿಕಿ ಅಜ್ಜನನ್ನು ಇಬ್ಬರು ಹಿಡಿದು ಬಿಡಿಸಬೇಕಾಯಿತು. ಎರಿತಾ ಸೈಕಲ್ಲನ್ನು ತೊಳೆದು ತಬೊಕಾಯನ ಅಂಗಳದಲ್ಲಿ ನಿಲ್ಲಿಸಿ ಹೋದಳು, ಅದನ್ನು ಒಯ್ಯುವಂತಿರಲಿಲ್ಲ. ಯಂತ್ರವನ್ನೂ ಒಯ್ಯುವಂತಿರಲಿಲ್ಲ.

ಕೊನೆಯ ದೋಣಿಗೆ ಮುಂಚೆ ತಬೊಕಾಯ ಮಗನ ಹತ್ತಿರ ಹೋದ. ಇದ್ದ ಫಲಕಗಳಲ್ಲಿ ಯಂತ್ರ ನಿಧಾನವಾಗಿ ನೀರು ಇಳಿಸುತ್ತಿತ್ತು. ಊರು ಹಡಗಿನ ನೀರು ಕುಡಿಯತೊಡಗಿದ್ದರಿಂದ ತೊಟ್ಟಿ ತುಂಬತೊಡಗಿತ್ತು.

"ತಂದೆ, ಎರಡು ದಿನದಿಂದ ಯಾರೂ ಬಂದಿಲ್ಲ. ನನ್ನಿಂದ ತಪ್ಪಾಯಿತೇ?"

"ಇಲ್ಲಪ್ಪ. ನಾವ್ ಹೇಳ್ಕೊಟ್ಟಂಗೆ ನೀನು ನಡ್ಕೊಂಡೆ."

"ಎಲ್ಲರೂ ಕೇಳಿದರು, ನಾನು ಕೊಟ್ಟೆ. ನಾನು ಯಾರನ್ನೂ ಏನೂ ಕೇಳಿಲ್ಲ. ಮಗ ಕೇಳಬಹುದೇ?"

"ಕೇಳು."

"ಬುಬುಸ್, ತಂದೆ. ಹೋಗಬೇಡ."

ಸಮುದ್ರದಲ್ಲಿ ಹಡಗು ಕೂಗಿತು. ಅಕೆನೆತೆಗೆ ಕೊಟ್ಟ ಮಾತು ಒಂದು ಕಡೆ, ಇದು ಒಂದು ಕಡೆ. ಎರಡನ್ನೂ ಕೊಡುವ ದಾರಿಯನ್ನು ಅವನು ಹುಡುಕಿದ. ಅವನ ಪೆದ್ದು ತಲೆಯಲ್ಲಿ ಇರಲಿಲ್ಲ, ಯಾರ ತಲೆಯಲ್ಲೂ ಇರಲಾರದು. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಅಂಗೈ ಇಟ್ಟು, ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ತಬೊಕಾಯ ಅಂದ:

"ಇಲ್ಲ."

ಸದ್ದು ಅವನಿಗೇ ಅಪರಿಚಿತವಾಗಿ ಕೇಳಿಸಿತು. ಯಂತ್ರದ ಒಳಗೆಲ್ಲೋ ನೀರು ಇಳಿಯುತ್ತಿದ್ದದ್ದು ನಿಂತಿತು.

ರಕೆರಾ ಗಂಟು ಹೊತ್ತು ಬಂದಳು. ಮಕ್ಕಳ ಗೋರಿಯಿಂದ ಎರಡು ಹಿಡಿ ಹವಳದ ಚೂರು ಕಟ್ಟಿಕೊಂಡಿದ್ದಳು. ಅತ್ತು ಅತ್ತು ಅವಳ ಬಾಯಿ ಒಣಗಿತ್ತು. ಕೈಯಲ್ಲಿ ಚೊಂಬಿತ್ತು.

"ಮಗಾ," ಎಂದು ಅವಳು ನಲ್ಲಿಗೆ ಚೊಂಬು ಒಡ್ಡಿದಳು. "ದಾರಿಗೆ ಒಂದ್ ಚೊಂಬು ನೀರು ಕೊಡಪ್ಪ. ಬುಬುಸ್."

"ಇಲ್ಲ, ಅಮ್ಮ," ಎಂದಿತು ಯಂತ್ರ, ಯಾವಾಗಲೂ ಮಾತಾಡುವ ಅದೇ ಮೆದು ದನಿಯಲ್ಲಿ.

ರಕೆರಾ ಚೊಂಬು ಹಿಡಿದುಕೊಂಡೇ ಗಂಡನ ಕಡೆ ನೋಡಿದಳು. ತಬೊಕಾಯ ಅವಳ ತಲೆಯ ಮೇಲಿನ ಗಂಟು ಇಳಿಸಿ ತಾನು ಹೊತ್ತುಕೊಂಡ. ಖಾಲಿ ಚೊಂಬು ಅವಳ ಕೈಯಲ್ಲೇ ಇತ್ತು. ಇಬ್ಬರೂ ದೋಣಿಯ ಕಡೆ ನಡೆದರು.